ಲ್ಯಾಪ್‌ಟಾಪ್ ಒಳಗೇ ಓಡುವ ಕೋಡಿಂಗ್ ಸಹಾಯಕ: ವಿಎಸ್ ಕೋಡ್‌ಗೆ ಕಂಟಿನ್ಯೂ, ಒಲ್ಲಾಮಾ ಜೋಡಿಸುವ ಬಗೆ

ಎಡಿಟರ್‌ಗೆ ಎಐ ಸಹಾಯಕ ಜೋಡಿಸುವುದು ಹೇಳಿಕೊಳ್ಳುವಂಥ ಕೆಲಸವೇನಲ್ಲ. ಒಂದು ಎಕ್ಸ್‌ಟೆನ್ಶನ್, ಒಂದು ಮಾಡೆಲ್, ನಾಲ್ಕು ಸಾಲು ಸೆಟ್ಟಿಂಗ್, ಅಷ್ಟೇ. ಕಷ್ಟ ಶುರುವಾಗುವುದು ಆಮೇಲೆ. ಮುಂದಿನ ಕೋಡ್‌ನ ಸೂಚನೆ ಬರಲು ಐದಾರು ಸೆಕೆಂಡ್ ಹಿಡಿಯುತ್ತದೆ, ಬಂದರೂ ಕೋಡ್ ಬದಲು ಇಂಗ್ಲಿಷ್ ವಿವರಣೆ ಬರುತ್ತದೆ, ಫ್ಯಾನ್ ಮಿಕ್ಸಿಯಂತೆ ಕೂಗುತ್ತದೆ. ಬಹಳ ಜನ ಅಲ್ಲಿಗೇ ಎಕ್ಸ್‌ಟೆನ್ಶನ್ ಕಿತ್ತುಹಾಕಿ ಕೈತೊಳೆದುಕೊಳ್ಳುತ್ತಾರೆ. ಈ ಗೋಳಿನಲ್ಲಿ ಮುಕ್ಕಾಲು ಪಾಲು ಒಂದೇ ಕಡೆಯಿಂದ ಬರುತ್ತದೆ. ಟೈಪ್ ಮಾಡುತ್ತಿರುವಾಗ ಸಾಲು ಪೂರ್ತಿ ಮಾಡುವ ಕೆಲಸ ಬೇರೆ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಕೆಲಸ ಬೇರೆ. ಎರಡನ್ನೂ ಒಂದೇ ಮಾಡೆಲ್‌ನ ತಲೆಗೆ ಕಟ್ಟಿದಾಗ ಮೊದಲನೆಯದು ನಿಧಾನವಾಗುತ್ತದೆ, ಎರಡನೆಯದು ದಡ್ಡಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಪೂರ್ತಿ ನಿಮ್ಮ ಯಂತ್ರದಲ್ಲೇ ಓಡುವ ಜೋಡಣೆ. ಎಡಿಟರ್ ವಿಎಸ್ ಕೋಡ್, ಅದರೊಳಗಿನ ಎಕ್ಸ್‌ಟೆನ್ಶನ್ ಕಂಟಿನ್ಯೂ, ಮಾಡೆಲ್ ಓಡಿಸುವ ಪ್ರೋಗ್ರಾಮ್ ಒಲ್ಲಾಮಾ, ಮಾಡೆಲ್‌ಗಳು ಅಲಿಬಾಬಾ ಕಂಪನಿ 2024ರಲ್ಲಿ ಬಿಡುಗಡೆ ಮಾಡಿದ ಕ್ವೆನ್ 2.5 ಕೋಡರ್ ಸರಣಿಯವು. ಕಮಾಂಡ್, ಸೆಟ್ಟಿಂಗ್ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಳ್ಳಿ.

ಸೂಚನೆಯ ಗುಣಮಟ್ಟ ಒಂದನ್ನೇ ನೋಡುವುದಾದರೆ ಕ್ಲೌಡ್ ಸೇವೆಗಳೇ ಮೇಲು, ಅದರಲ್ಲಿ ವಾದವಿಲ್ಲ. ಅಂಥದ್ದೇ ಕ್ಲೌಡ್ ಸಹಾಯಕವಾದ ಗಿಟ್‌ಹಬ್ ಕೋಪೈಲಟ್ 2021ರ ಜೂನ್‌ನಲ್ಲಿ ಪರೀಕ್ಷಾರ್ಥವಾಗಿ ಬಂದು, 2022ರ ಜೂನ್‌ನಲ್ಲಿ ಎಲ್ಲರಿಗೂ ಹಣ ಕೊಟ್ಟು ಸಿಗುವಂತಾಯಿತು. 2024ರ ಡಿಸೆಂಬರ್‌ನಲ್ಲಿ ಉಚಿತ ಯೋಜನೆ ಘೋಷಿಸಿದಾಗ ತಿಂಗಳಿಗೆ 2000 ಸೂಚನೆ, 50 ಚಾಟ್ ಎಂದು ಮಿತಿ ಇಟ್ಟರು. ಕಲಿಯುವವರಿಗೆ 50 ಚಾಟ್ ಎರಡು ಸಂಜೆಗೆ ಮುಗಿಯುತ್ತದೆ. ಸ್ವಂತ ಯಂತ್ರದಲ್ಲಿ ಓಡಿಸಲು ಇನ್ನೂ ಗಟ್ಟಿಯಾದ ಕಾರಣ ಬೇರೆ ಇದೆ: ಗ್ರಾಹಕರ ಕೋಡ್ ಹೊರಗಿನ ಸರ್ವರ್‌ಗೆ ಹೋಗಕೂಡದು ಎಂದು ಒಪ್ಪಂದದಲ್ಲೇ ಬರೆದಿರುವ ಕಡೆ ಬೇರೆ ದಾರಿಯೇ ಇಲ್ಲ.

ಮೊದಲು ಮೆಮೊರಿಯ ಲೆಕ್ಕ

ಯಾವ ಮಾಡೆಲ್ ಎಂದು ಆರಿಸುವ ಮೊದಲು ಎಷ್ಟು ರ್ಯಾಮ್ ಖಾಲಿ ಇದೆ ಎಂದು ನೋಡಿ. ಒಲ್ಲಾಮಾ ಇಳಿಸಿಕೊಡುವ ಮಾಡೆಲ್‌ಗಳು ಸಾಮಾನ್ಯವಾಗಿ 4 ಬಿಟ್‌ಗೆ ಕುಗ್ಗಿಸಿದವು. ಕ್ವೆನ್ 2.5 ಕೋಡರ್‌ನಲ್ಲಿ 1.5ಬಿ (ಬಿ ಎಂದರೆ ಬಿಲಿಯನ್, ಮಾಡೆಲ್ ಒಳಗಿನ ಅಂಕಿಗಳ ಎಣಿಕೆ) ಗಾತ್ರದ್ದು ಸುಮಾರು 1 ಜಿಬಿ, 3ಬಿ 1.9 ಜಿಬಿ, 7ಬಿ 4.7 ಜಿಬಿ, 14ಬಿ 9 ಜಿಬಿ, 32ಬಿ 20 ಜಿಬಿ. ಡಿಸ್ಕ್‌ನಲ್ಲಿ ಇಷ್ಟು ಜಾಗ ಹಿಡಿಯುವುದಷ್ಟೇ ಅಲ್ಲ, ಓಡುವಾಗ ಅಷ್ಟೂ ರ್ಯಾಮ್‌ಗೆ ಬಂದು ಕೂರುತ್ತದೆ.

ಅದರ ಮೇಲೆ ಕಾಂಟೆಕ್ಸ್ಟ್‌ನ, ಅಂದರೆ ಮಾಡೆಲ್ ಒಮ್ಮೆಗೆ ಗಮನದಲ್ಲಿಟ್ಟುಕೊಳ್ಳುವ ಪಠ್ಯದ ಖರ್ಚು. ಮಾಡೆಲ್ ಓದಿದ ಪ್ರತಿ ಟೋಕನ್‌ಗೂ (ಪದ ಅಥವಾ ಪದದ ತುಣುಕು) ಒಂದಿಷ್ಟು ನೆನಪು ಮೀಸಲಿಡಬೇಕಾಗುತ್ತದೆ. 7ಬಿ ಮಾಡೆಲ್‌ನಲ್ಲಿ 28 ಪದರಗಳಿವೆ, ಪ್ರತಿ ಪದರದಲ್ಲಿ ಕೀ, ವ್ಯಾಲ್ಯೂ ಎಂಬ ಎರಡು ಬಗೆಯ ನೆನಪಿಗೂ 128 ಅಂಕಿಗಳ ನಾಲ್ಕು ಗುಂಪು, ಒಂದೊಂದು ಅಂಕಿಗೆ 2 ಬೈಟ್. ಗುಣಿಸಿದರೆ ಟೋಕನ್ ಒಂದಕ್ಕೆ 56 ಕೆಬಿ. 8192 ಟೋಕನ್ ಕಾಂಟೆಕ್ಸ್ಟ್ ಇಟ್ಟರೆ ಸುಮಾರು 450 ಎಂಬಿ, 32768ಕ್ಕೆ ಏರಿಸಿದರೆ 1.75 ಜಿಬಿ. ‘ಕಾಂಟೆಕ್ಸ್ಟ್ ದೊಡ್ಡದಿದ್ದಷ್ಟೂ ಒಳ್ಳೆಯದು’ ಎಂದು ಕಣ್ಣುಮುಚ್ಚಿ 32768 ಹಾಕುವವರ ಲ್ಯಾಪ್‌ಟಾಪ್ ತಡವರಿಸುವುದು ಇಲ್ಲೇ.

16 ಜಿಬಿ ಯಂತ್ರದಲ್ಲಿ ವಿಂಡೋಸ್, ಬ್ರೌಸರ್, ವಿಎಸ್ ಕೋಡ್ ಸೇರಿ 6-7 ಜಿಬಿ ತಿಂದಿರುತ್ತವೆ ಎಂದು ಹಿಡಿದುಕೊಂಡರೆ, ಚಾಟ್‌ಗೆ 7ಬಿ, ಸಾಲು ಪೂರ್ತಿ ಮಾಡಲು 1.5ಬಿ, ಎರಡೂ ಒಟ್ಟಿಗೆ ಕೂರುತ್ತವೆ. 8 ಜಿಬಿ ಯಂತ್ರವಾದರೆ 7ಬಿಯ ಆಸೆ ಬಿಡಿ. ರ್ಯಾಮ್ ಸಾಲದೆ ಡಿಸ್ಕ್‌ಗೆ ಸ್ವಾಪ್ ಆಗತೊಡಗಿದರೆ ಮೌಸ್ ಕೂಡ ಅಲುಗಾಡುವುದಿಲ್ಲ. ಅಂಥಲ್ಲಿ 1.5ಬಿ ಒಂದನ್ನು ಸಾಲು ಪೂರ್ತಿ ಮಾಡಲು ಮಾತ್ರ ಇಟ್ಟುಕೊಂಡು, ಪ್ರಶ್ನೆ ಕೇಳಲು ಬ್ರೌಸರ್‌ನ ಯಾವುದಾದರೂ ಚಾಟ್ ಬಳಸುವುದು ಬುದ್ಧಿವಂತಿಕೆ. ಇಲ್ಲೊಂದು ಸಣ್ಣ ಎಚ್ಚರಿಕೆ: 3ಬಿ ಗಾತ್ರದ್ದು ಮಾತ್ರ ಸಂಶೋಧನೆಗೆ ಸೀಮಿತವಾದ ಲೈಸೆನ್ಸ್‌ನಲ್ಲಿದೆ. ಉಳಿದವು ಅಪಾಚೆ 2.0. ಕಂಪನಿ ಕೆಲಸಕ್ಕೆ 3ಬಿ ಮುಟ್ಟದಿರುವುದೇ ಕ್ಷೇಮ.

ಇನ್ನು ವೇಗ. ಒಂದೊಂದು ಟೋಕನ್ ಬರೆಯುವಾಗಲೂ ಮಾಡೆಲ್‌ನ ಇಡೀ ತೂಕವನ್ನು, ಅಂದರೆ ಅದರೊಳಗಿನ ಅಷ್ಟೂ ಅಂಕಿಗಳನ್ನು, ಮೆಮೊರಿಯಿಂದ ಒಮ್ಮೆ ಓದಲೇಬೇಕು. ಹಾಗಾಗಿ ಮೆಮೊರಿಯ ವೇಗವನ್ನು ಮಾಡೆಲ್ ಗಾತ್ರದಿಂದ ಭಾಗಿಸಿದರೆ ಗರಿಷ್ಠ ಮಿತಿ ಸಿಗುತ್ತದೆ. ಡಿಡಿಆರ್4-3200 ರ್ಯಾಮ್ ಎರಡು ಚಾನೆಲ್‌ನಲ್ಲಿ ಸೆಕೆಂಡಿಗೆ 51.2 ಜಿಬಿ ಕೊಡುತ್ತದೆ. 4.7 ಜಿಬಿಯ ಮಾಡೆಲ್‌ಗೆ ಅದು ಹೆಚ್ಚೆಂದರೆ ಸೆಕೆಂಡಿಗೆ 10-11 ಟೋಕನ್, ವಾಸ್ತವದಲ್ಲಿ ಅದಕ್ಕಿಂತ ಕಡಿಮೆ. ಲ್ಯಾಪ್‌ಟಾಪ್‌ನಲ್ಲಿ ಒಂದೇ ರ್ಯಾಮ್ ಪಟ್ಟಿ ಇದ್ದರೆ ಅದೂ ಅರ್ಧವಾಗುತ್ತದೆ. ಕಡಿಮೆ ಬೆಲೆಯ ಬಹಳಷ್ಟು ಲ್ಯಾಪ್‌ಟಾಪ್‌ಗಳು ಒಂದೇ ಪಟ್ಟಿಯೊಂದಿಗೆ ಬರುತ್ತವೆ. ಖಾಲಿ ಸ್ಲಾಟ್‌ಗೆ ಅದೇ ಅಳತೆಯ ಇನ್ನೊಂದು ಪಟ್ಟಿ ಹಾಕಿಸಿದರೆ ಜಾಗವೂ ಹೆಚ್ಚುತ್ತದೆ, ವೇಗವೂ ದುಪ್ಪಟ್ಟಿನ ಹತ್ತಿರ ಬರುತ್ತದೆ. ಈ ಕೆಲಸದ ಮಟ್ಟಿಗೆ ಹೊಸ ಪ್ರೊಸೆಸರ್‌ಗಿಂತ ಇದೇ ಲಾಭದ ಖರ್ಚು. ಆಪಲ್‌ನ ಎಂ2 ಚಿಪ್ ಸೆಕೆಂಡಿಗೆ 100 ಜಿಬಿ ಓದುತ್ತದೆ, 12 ಜಿಬಿಯ ಆರ್‌ಟಿಎಕ್ಸ್ 3060 ಕಾರ್ಡ್ 360 ಜಿಬಿ. ಅಂಥ ಕಾರ್ಡ್ ಇದ್ದವರಿಗೆ ಈ ಬರಹದ ಅರ್ಧ ತಲೆನೋವು ಇಲ್ಲ.

4 ಜಿಬಿ ಗ್ರಾಫಿಕ್ಸ್ ಮೆಮೊರಿ ಇರುವ ಗೇಮಿಂಗ್ ಲ್ಯಾಪ್‌ಟಾಪ್‌ಗಳದ್ದು ಎಡಬಿಡಂಗಿ ಸ್ಥಿತಿ. 7ಬಿ ಅದರಲ್ಲಿ ಪೂರ್ತಿ ಹಿಡಿಸುವುದಿಲ್ಲ, ಒಂದು ಭಾಗ ಕಾರ್ಡ್‌ನಲ್ಲೂ ಉಳಿದದ್ದು ರ್ಯಾಮ್‌ನಲ್ಲೂ ಹಂಚಿಹೋಗುತ್ತದೆ, ಒಟ್ಟು ವೇಗವನ್ನು ನಿಧಾನದ ಭಾಗವೇ ತೀರ್ಮಾನಿಸುತ್ತದೆ. ಟರ್ಮಿನಲ್‌ನಲ್ಲಿ ‘ಒಲ್ಲಾಮಾ ಪಿಎಸ್’ ಕೊಟ್ಟರೆ ಪ್ರೊಸೆಸರ್ ಎಂಬ ಕಾಲಂನಲ್ಲಿ ಎಷ್ಟು ಪ್ರತಿಶತ ಎಲ್ಲಿದೆ ಎಂದು ಕಾಣುತ್ತದೆ. ಅಲ್ಲಿ 100 ಪ್ರತಿಶತ ಜಿಪಿಯು ಎಂದು ಬರುವ ಗಾತ್ರಕ್ಕೆ ಇಳಿಯಿರಿ.

ಒಲ್ಲಾಮಾ ಹಾಕುವುದು

ವಿಂಡೋಸ್, ಮ್ಯಾಕ್‌ಗೆ ಅವರ ಜಾಲತಾಣದಲ್ಲಿ ಇನ್‌ಸ್ಟಾಲರ್ ಇದೆ, ಲಿನಕ್ಸ್‌ಗೆ ಒಂದು ಸಾಲಿನ ಸ್ಕ್ರಿಪ್ಟ್. ಹಾಕಿದ ಮೇಲೆ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್, ಕೋಲನ್, 11434 ಎಂದು ತೆರೆಯಿರಿ. ‘ಒಲ್ಲಾಮಾ ಈಸ್ ರನ್ನಿಂಗ್’ ಎಂಬ ಒಂದು ಸಾಲು ಬಂದರೆ ಸರ್ವರ್ ಎದ್ದಿದೆ ಎಂದರ್ಥ. ಮುಂದೆ ಏನೇ ಕೆಟ್ಟರೂ ಮೊದಲು ನೋಡಬೇಕಾದ್ದು ಈ ಪುಟವನ್ನೇ.

ಆಮೇಲೆ ‘ಒಲ್ಲಾಮಾ ಪುಲ್’ ಕಮಾಂಡ್‌ನಿಂದ ಮೂರು ಮಾಡೆಲ್ ಇಳಿಸಿಕೊಳ್ಳಿ. ಚಾಟ್‌ಗೆ ಕ್ವೆನ್2.5-ಕೋಡರ್, ಕೋಲನ್, 7ಬಿ. ಸಾಲು ಪೂರ್ತಿ ಮಾಡಲು ಅದೇ ಹೆಸರು, ಕೋಲನ್ ನಂತರ 1.5ಬಿ-ಬೇಸ್. ಈ ‘ಬೇಸ್’ ಬಾಲ ಮುಖ್ಯ, ಯಾಕೆಂದು ಮುಂದೆ ನೋಡೋಣ. ಮೂರನೆಯದು ನೋಮಿಕ್-ಎಂಬೆಡ್-ಟೆಕ್ಸ್ಟ್, 274 ಎಂಬಿ, ಪ್ರಾಜೆಕ್ಟ್‌ನ ಫೈಲ್‌ಗಳಲ್ಲಿ ಹುಡುಕಲು.

ಒಟ್ಟು 6 ಜಿಬಿ ಡೌನ್‌ಲೋಡ್. ದಿನಕ್ಕೆ 1.5 ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ ಹಾಟ್‌ಸ್ಪಾಟ್ ಹಾಕಿ ಇಳಿಸುವವರು ಒಂದು ವಿಷಯ ತಿಳಿದಿರಬೇಕು. ಮಧ್ಯೆ ಕಡಿದುಹೋದರೆ ಅದೇ ಕಮಾಂಡ್ ಮತ್ತೆ ಕೊಟ್ಟಾಗ ನಿಂತಲ್ಲಿಂದ ಮುಂದುವರಿಯುತ್ತದೆ, ನಿಜ. ಆದರೆ ಒಲ್ಲಾಮಾ ಸರ್ವರ್ ಹೊಸದಾಗಿ ಎದ್ದಾಗ ಅರ್ಧಂಬರ್ಧ ಇಳಿದ ಫೈಲ್‌ಗಳನ್ನು ಗುಡಿಸಿ ಹಾಕುತ್ತದೆ. ರಾತ್ರಿ ಲ್ಯಾಪ್‌ಟಾಪ್ ಆಫ್ ಮಾಡಿ ಬೆಳಿಗ್ಗೆ ಎಬ್ಬಿಸಿದರೆ ನಿನ್ನೆ ಇಳಿದದ್ದು ಮಾಯ. ಇದನ್ನು ತಡೆಯಲು ಒಲ್ಲಾಮಾ ಅಂಡರ್‌ಸ್ಕೋರ್ ನೋಪ್ರೂನ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಬೆಲೆ ಕೊಡಿ. ಹೆಸರು ಪೂರ್ತಿ ದೊಡ್ಡಕ್ಷರದಲ್ಲಿರಬೇಕು.

ಸಿ ಡ್ರೈವ್ ತುಂಬಿದ್ದರೆ ಒಲ್ಲಾಮಾ ಅಂಡರ್‌ಸ್ಕೋರ್ ಮಾಡೆಲ್ಸ್ ವೇರಿಯಬಲ್‌ನಲ್ಲಿ ಬೇರೆ ಡ್ರೈವ್‌ನ ಫೋಲ್ಡರ್ ಕೊಡಬಹುದು. ಲಿನಕ್ಸ್‌ನಲ್ಲಿ ಇಲ್ಲೇ ಎಲ್ಲರೂ ಮುಗ್ಗರಿಸುತ್ತಾರೆ: ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ವೇರಿಯಬಲ್ ಬರೆದು, ಏನೂ ಬದಲಾಗಲಿಲ್ಲವಲ್ಲ ಎನ್ನುತ್ತಾರೆ. ಅಲ್ಲಿ ಒಲ್ಲಾಮಾ ಓಡುವುದು ನಿಮ್ಮ ಹೆಸರಲ್ಲಲ್ಲ, ಹಿನ್ನೆಲೆಯಲ್ಲಿ ಓಡುವ ಸಿಸ್ಟಮ್‌ಡಿ ಸರ್ವಿಸ್ ಆಗಿ, ‘ಒಲ್ಲಾಮಾ’ ಎಂಬ ಪ್ರತ್ಯೇಕ ಯೂಸರ್ ಹೆಸರಲ್ಲಿ. ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಮೂಲಕ ಸರ್ವಿಸ್ ವಿಭಾಗದಲ್ಲಿ ಎನ್ವಿರಾನ್‌ಮೆಂಟ್ ಸಾಲು ಸೇರಿಸಿ, ಡೀಮನ್ ರೀಲೋಡ್ ಮಾಡಿ, ಸರ್ವಿಸ್ ರೀಸ್ಟಾರ್ಟ್ ಮಾಡಬೇಕು. ಹೊಸ ಫೋಲ್ಡರ್‌ನ ಒಡೆತನವನ್ನೂ ಆ ಯೂಸರ್‌ಗೇ ಕೊಡಬೇಕು, ಇಲ್ಲವಾದರೆ ಪರ್ಮಿಶನ್ ಎರರ್.

ಎಡಿಟರ್‌ಗೆ ಹೋಗುವ ಮೊದಲು ‘ಒಲ್ಲಾಮಾ ರನ್’ ಎಂದು, ಮಾಡೆಲ್ ಹೆಸರು ಹಾಕಿ, ಕೊನೆಗೆ ಎರಡು ಹೈಫನ್ ಸೇರಿಸಿದ ವರ್ಬೋಸ್ ಕೊಟ್ಟು ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರದ ಕೆಳಗೆ ಎರಡು ವೇಗ ಬರುತ್ತವೆ: ಪ್ರಾಂಪ್ಟ್ ಇವ್ಯಾಲ್ ರೇಟ್, ಅಂದರೆ ನೀವು ಕೊಟ್ಟದ್ದನ್ನು ಓದುವ ವೇಗ, ಇವ್ಯಾಲ್ ರೇಟ್, ಅಂದರೆ ಬರೆಯುವ ವೇಗ. ಈ ಎರಡು ಅಂಕಿ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕಂಟಿನ್ಯೂವಿನ ಒಳಗೆ ಅದಕ್ಕಿಂತ ವೇಗ ಯಾವತ್ತೂ ಸಿಗದು.

ಕಂಟಿನ್ಯೂವಿನ ಸೆಟ್ಟಿಂಗ್

ವಿಎಸ್ ಕೋಡ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಕ್ಸ್ ಒತ್ತಿ ಹುಡುಕಿ. ಇನ್‌ಸ್ಟಾಲ್ ಒತ್ತುವ ಮೊದಲು ಪ್ರಕಾಶಕರ ಹೆಸರೂ ಕಂಟಿನ್ಯೂ ಎಂದೇ ಇದೆಯೇ ನೋಡಿಕೊಳ್ಳಿ. ಎಡಪಟ್ಟಿಯಲ್ಲಿ ಬಂದು ಕೂರುವ ಐಕಾನನ್ನು ಎಳೆದು ಬಲಪಟ್ಟಿಗೆ ಹಾಕಿದರೆ ಫೈಲ್‌ಗಳ ಪಟ್ಟಿ, ಚಾಟ್ ಎರಡೂ ಏಕಕಾಲಕ್ಕೆ ಕಾಣುತ್ತವೆ. ಲಾಗಿನ್ ಕೇಳಿದರೆ ಬಿಟ್ಟು ಮುಂದೆ ಹೋಗಿ, ಸ್ಥಳೀಯ ಮಾಡೆಲ್‌ಗೆ ಅಕೌಂಟ್ ಬೇಕಿಲ್ಲ.

ಸೆಟ್ಟಿಂಗ್ ಫೈಲ್ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ, ಚುಕ್ಕಿಯಿಂದ ಶುರುವಾಗುವ ಕಂಟಿನ್ಯೂ ಫೋಲ್ಡರ್ ಒಳಗೆ ಕಾನ್ಫಿಗ್ ಡಾಟ್ ಯಾಮಲ್ ಎಂಬ ಹೆಸರಲ್ಲಿರುತ್ತದೆ. ಹಳೆಯ ವಿಡಿಯೊಗಳಲ್ಲಿ ಕಾನ್ಫಿಗ್ ಡಾಟ್ ಜೇಸನ್ ತೋರಿಸುತ್ತಾರೆ, ಅದು ಹಿಂದಿನ ಪದ್ಧತಿ. ಎರಡನ್ನೂ ಬೆರೆಸಿದರೆ ಯಾವುದು ನಡೆಯುತ್ತಿದೆ ಎಂದೇ ತಿಳಿಯದೆ ಒದ್ದಾಡಬೇಕಾಗುತ್ತದೆ. ಯಾಮಲ್‌ನಲ್ಲಿ ಟ್ಯಾಬ್ ಒತ್ತಿ ಸಾಲು ಸರಿಸುವಂತಿಲ್ಲ, ಎರಡೆರಡು ಸ್ಪೇಸ್ ಮಾತ್ರ.

ಫೈಲ್‌ನ ತಲೆಯಲ್ಲಿ ಮೂರು ಸಾಲು: ನೇಮ್‌ಗೆ ನಿಮಗಿಷ್ಟ ಬಂದ ಹೆಸರು, ವರ್ಷನ್‌ಗೆ 1.0.0, ಸ್ಕೀಮಾಗೆ ವಿ1. ಕೆಳಗೆ ಮಾಡೆಲ್ಸ್ ಎಂಬ ಪಟ್ಟಿ. ಅದರಲ್ಲಿ ಪ್ರತಿ ಮಾಡೆಲ್‌ಗೂ ನೇಮ್, ಪ್ರೊವೈಡರ್, ಮಾಡೆಲ್, ರೋಲ್ಸ್ ಎಂಬ ನಾಲ್ಕು ವಿವರ. ಪ್ರೊವೈಡರ್ ಮೂರಕ್ಕೂ ಒಲ್ಲಾಮಾ. ಮಾಡೆಲ್ ಎಂಬಲ್ಲಿ ‘ಒಲ್ಲಾಮಾ ಲಿಸ್ಟ್’ ತೋರಿಸುವ ಹೆಸರನ್ನು ಕೋಲನ್ ಸಮೇತ ಅಕ್ಷರಕ್ಕೆ ಅಕ್ಷರ ಹಾಗೇ ಹಾಕಬೇಕು. ಜೀವಾಳ ಇರುವುದು ರೋಲ್ಸ್‌ನಲ್ಲಿ. 7ಬಿಗೆ ಚಾಟ್, ಎಡಿಟ್, ಅಪ್ಲೈ ಎಂಬ ಮೂರು, 1.5ಬಿ-ಬೇಸ್‌ಗೆ ಆಟೊಕಂಪ್ಲೀಟ್ (ಸಾಲು ಪೂರ್ತಿ ಮಾಡುವುದು) ಒಂದೇ. ನೋಮಿಕ್‌ಗೆ ಎಂಬೆಡ್ ಒಂದೇ. ರೋಲ್ಸ್ ಬರೆಯದೆ ಬಿಟ್ಟು ‘ಆಟೊಕಂಪ್ಲೀಟ್ ಬರುತ್ತಿಲ್ಲ’ ಎನ್ನುವವರೇ ಹೆಚ್ಚು.

7ಬಿಯ ಕೆಳಗೆ ಡೀಫಾಲ್ಟ್ ಕಂಪ್ಲೀಶನ್ ಆಪ್ಷನ್ಸ್ ಸೇರಿಸಿ, ಅದರಲ್ಲಿ ಕಾಂಟೆಕ್ಸ್ಟ್ ಲೆಂತ್ 8192 ಎಂದು ಕೊಡಿ. ಒಲ್ಲಾಮಾದ ಸ್ವಂತ ಮಿತಿ ಬಹುಕಾಲ 2048 ಇತ್ತು, ಆಮೇಲೆ 4096 ಆಯಿತು. ಮಿತಿ ಮೀರಿದರೆ ಅದು ಎರರ್ ಕೊಡುವುದಿಲ್ಲ, ಸದ್ದಿಲ್ಲದೆ ಹಳೆಯ ಭಾಗವನ್ನು ಕತ್ತರಿಸಿಬಿಡುತ್ತದೆ. ಮುನ್ನೂರು ಸಾಲಿನ ಫೈಲ್ ಕೊಟ್ಟು ಮೇಲಿನ ಫಂಕ್ಷನ್ ಬಗ್ಗೆ ಕೇಳಿದಾಗ ಮಾಡೆಲ್ ಅದನ್ನು ನೋಡಿಯೇ ಇಲ್ಲವೆಂಬಂತೆ ಉತ್ತರಿಸಿದರೆ ಕಾರಣ ಇದೇ, ನಿಜಕ್ಕೂ ನೋಡಿರುವುದಿಲ್ಲ.

ಬೇಸ್ ಯಾಕೆ ಬೇಕು

ಸಾಲು ಪೂರ್ತಿ ಮಾಡುವಾಗ ಎಡಿಟರ್ ಪ್ರಶ್ನೆ ಕೇಳುವುದಿಲ್ಲ. ಕರ್ಸರ್‌ಗಿಂತ ಮೇಲಿನ ಕೋಡ್, ಕೆಳಗಿನ ಕೋಡ್ ಎರಡನ್ನೂ ವಿಶೇಷ ಗುರುತುಗಳ ನಡುವೆ ಇಟ್ಟು, ನಡುವಿನ ಖಾಲಿ ಜಾಗ ತುಂಬು ಎಂದು ಕಳಿಸುತ್ತದೆ. ಫಿಮ್ ಎಂದು ಕರೆಯುವ ಈ ವಿದ್ಯೆಯನ್ನು ಮಾಡೆಲ್ ತರಬೇತಿಯಲ್ಲೇ ಕಲಿತಿರಬೇಕು. ಕ್ವೆನ್ ಕೋಡರ್ ಕಲಿತಿದೆ, ಲಾಮಾ 3.1ರಂಥ ಸಾಮಾನ್ಯ ಚಾಟ್ ಮಾಡೆಲ್ ಕಲಿತಿಲ್ಲ. ಅಂಥದ್ದನ್ನು ಆಟೊಕಂಪ್ಲೀಟ್‌ಗೆ ಹಾಕಿದರೆ ನಿಮ್ಮ ಫಂಕ್ಷನ್ ಮಧ್ಯೆ ‘ಖಂಡಿತ, ಇಗೋ ನಿಮ್ಮ ಕೋಡ್’ ಎಂಬ ಧಾಟಿಯ ಇಂಗ್ಲಿಷ್ ವಾಕ್ಯವೋ ಮೂರು ಬ್ಯಾಕ್‌ಟಿಕ್‌ಗಳೋ ಬಂದು ಬೀಳುತ್ತವೆ. ಕೇಳಿದ್ದಕ್ಕೆ ಉತ್ತರಿಸುವಂತೆ ಪಳಗಿಸಿದ ಇನ್‌ಸ್ಟ್ರಕ್ಟ್ ರೂಪಕ್ಕಿಂತ, ಪಳಗಿಸದ ಬೇಸ್ ರೂಪ ಈ ಕೆಲಸಕ್ಕೆ ಲಾಯಕ್ಕು. ಚಾಟ್‌ಗೆ ಇದರ ಉಲ್ಟಾ: ಬೇಸ್ ಮಾಡೆಲ್‌ಗೆ ಪ್ರಶ್ನೆ ಕೇಳಿದರೆ ಅದು ನಿಮ್ಮ ಪ್ರಶ್ನೆಯನ್ನೇ ಮುಂದುವರಿಸಿ ಇನ್ನೆರಡು ಪ್ರಶ್ನೆ ಸೇರಿಸುತ್ತದೆ.

ಯಾವ ಮಾಡೆಲ್‌ಗೆ ಯಾವ ಗುರುತು ಎಂಬುದನ್ನು ಕಂಟಿನ್ಯೂ ಮಾಡೆಲ್ ಹೆಸರು ನೋಡಿಯೇ ಊಹಿಸುತ್ತದೆ. ಒಲ್ಲಾಮಾದ ಮಾಡೆಲ್‌ಫೈಲ್ ಬಳಸಿ ನೀವೇ ‘ನನ್ನ-ಕೋಡರ್’ ಎಂದು ಹೆಸರಿಟ್ಟು ಹೊಸದೊಂದು ಮಾಡಿಕೊಂಡರೆ ಊಹೆ ತಪ್ಪಿ, ಸೂಚನೆಯಲ್ಲಿ ಕಸ ಬರತೊಡಗುತ್ತದೆ. ಹೊಸ ಹೆಸರಿನಲ್ಲೂ ಕ್ವೆನ್, ಕೋಡರ್ ಎಂಬ ಪದಗಳು ಉಳಿದಿರಲಿ.

ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಆಟೊಕಂಪ್ಲೀಟ್ ಆಪ್ಷನ್ಸ್ ಅಡಿಯಲ್ಲಿ ಎರಡು ಅಂಕಿ ತಿದ್ದಬೇಕು. ಡಿಬೌನ್ಸ್ ಡಿಲೇ, ಅಂದರೆ ನೀವು ಟೈಪ್ ನಿಲ್ಲಿಸಿದ ಮೇಲೆ ಎಷ್ಟು ಮಿಲಿಸೆಕೆಂಡ್ ಕಾದು ಕೇಳಬೇಕು ಎಂಬುದು, ಅದನ್ನು ಏರಿಸಿ 400ರಿಂದ 500ರ ನಡುವೆ ಇಡಿ. ಇಲ್ಲದಿದ್ದರೆ ಎರಡಕ್ಷರಕ್ಕೊಮ್ಮೆ ಕೋರಿಕೆ ಹೋಗಿ, ಹಿಂದಿನದು ರದ್ದಾಗಿ, ಪ್ರೊಸೆಸರ್ ಸುಮ್ಮನೆ ಬೆವರುತ್ತಿರುತ್ತದೆ. ಮ್ಯಾಕ್ಸ್ ಪ್ರಾಂಪ್ಟ್ ಟೋಕನ್ಸ್ 1024ರಿಂದ 500ಕ್ಕೆ ಇಳಿಸಿ. ಜೊತೆಗೆ ಹಲವು ಸಾಲಿನ ಸೂಚನೆ ಕೊಡುವ ಮಲ್ಟಿಲೈನ್ ಕಂಪ್ಲೀಶನ್ಸ್‌ಗೆ ನೆವರ್ ಕೊಡಿ. ಒಂದೇ ಸಾಲು, ತಕ್ಷಣ ಬರುವಂತಿದ್ದರೆ ಬಳಕೆಗೆ ಬರುತ್ತದೆ. ಹತ್ತು ಸಾಲು ಬರಲಿ ಎಂದು ನಾಲ್ಕು ಸೆಕೆಂಡ್ ಕಾಯುವುದಕ್ಕಿಂತ ಕೈಯಲ್ಲೇ ಬರೆಯುವುದು ಬೇಗ.

ಬಳಸುವಾಗ

ಕೋಡ್ ಆಯ್ದು ಕಂಟ್ರೋಲ್ ಎಲ್ ಒತ್ತಿದರೆ ಅದು ಚಾಟ್‌ಗೆ ಹೋಗುತ್ತದೆ, ಕಂಟ್ರೋಲ್ ಐ ಒತ್ತಿದರೆ ಇದ್ದಲ್ಲೇ ತಿದ್ದುತ್ತದೆ. ಬೂದು ಬಣ್ಣದ ಸೂಚನೆ ಒಪ್ಪಲು ಟ್ಯಾಬ್, ಬೇಡವಾದರೆ ಎಸ್ಕೇಪ್, ಒಂದೊಂದೇ ಪದ ಒಪ್ಪಲು ಕಂಟ್ರೋಲ್ ಜತೆ ಬಲ ಬಾಣ. ಈ ಕೊನೆಯದು ಬಹಳ ಜನರಿಗೆ ಗೊತ್ತಿಲ್ಲ. ಸಣ್ಣ ಮಾಡೆಲ್‌ನ ಸೂಚನೆ ಅರ್ಧ ಸರಿ, ಅರ್ಧ ತಪ್ಪು ಇರುವುದೇ ಹೆಚ್ಚಾದ್ದರಿಂದ ಅತ್ಯಂತ ಉಪಯೋಗಿ ಕೀಲಿ ಇದೇ.

ಇದ್ದಲ್ಲೇ ತಿದ್ದುವಾಗ ಆಯ್ದಷ್ಟನ್ನೂ ಮಾಡೆಲ್ ಮತ್ತೆ ಬರೆಯುತ್ತದೆ. ಸಾಲಿಗೆ 10 ಟೋಕನ್, ಸೆಕೆಂಡಿಗೆ 8 ಟೋಕನ್ ಎಂದು ಲೆಕ್ಕ ಹಾಕಿ: 20 ಸಾಲಿಗೆ 25 ಸೆಕೆಂಡ್, 400 ಸಾಲಿಗೆ 8 ನಿಮಿಷ ದಾಟುತ್ತದೆ. ಇಡೀ ಫೈಲ್ ಆಯ್ದು ‘ಇದನ್ನು ಸರಿಮಾಡು’ ಎನ್ನುವ ಅಭ್ಯಾಸ ಇಲ್ಲಿ ನಡೆಯದು. ಓದಲೂ ಸಮಯ ಬೇಕು. ನಿಮ್ಮ ಪ್ರೊಸೆಸರ್ ಸೆಕೆಂಡಿಗೆ 40 ಟೋಕನ್ ಓದುತ್ತದೆ ಎಂದಾದರೆ 4000 ಟೋಕನ್‌ನ ಫೈಲ್ ಕೊಟ್ಟಾಗ ಮೊದಲ ಪದ ಕಾಣುವ ಹೊತ್ತಿಗೆ 100 ಸೆಕೆಂಡ್ ಕಳೆದಿರುತ್ತದೆ. ಚಾಟ್‌ನಲ್ಲಿ ಅಟ್ ಚಿಹ್ನೆ ಒತ್ತಿ ಫೈಲ್, ಟರ್ಮಿನಲ್, ಡಿಫ್ ಸೇರಿಸಬಹುದು. ಟರ್ಮಿನಲ್ ಸೇರಿಸಿ ಎರರ್ ವಿವರಿಸಲು ಕೇಳುವುದು 7ಬಿ ಚೆನ್ನಾಗಿ ಮಾಡುವ ಕೆಲಸಗಳಲ್ಲೊಂದು.

ಮಾಡೆಲ್ ತಾನೇ ಹೆಜ್ಜೆಹೆಜ್ಜೆಯಾಗಿ ಕೆಲಸ ಮಾಡುವ ಏಜೆಂಟ್ ಮೋಡ್ ಬಗ್ಗೆ ಮಾತ್ರ ಖಡಾಖಂಡಿತ: 7ಬಿಯಲ್ಲಿ ಬೇಡ. ಫೈಲ್ ತೆರೆ, ಕಮಾಂಡ್ ಓಡಿಸು ಎಂದು ಟೂಲ್ ಕರೆಯಬೇಕಾದಲ್ಲಿ ಅದು ಆ ಕರೆಯ ಜೇಸನ್ ಅನ್ನೇ ಚಾಟ್‌ನಲ್ಲಿ ಬರೆದು ಕೂರುತ್ತದೆ, ಕೆಲಸ ಆಗಿರುವುದಿಲ್ಲ.

ಕೆಟ್ಟರೆ ಎಲ್ಲಿ ನೋಡಬೇಕು

ಸೂಚನೆಯೇ ಬರುತ್ತಿಲ್ಲವೇ? ವಿಎಸ್ ಕೋಡ್‌ನ ಎಡಿಟರ್ ಇನ್‌ಲೈನ್ ಸಜೆಸ್ಟ್ ಎನೇಬಲ್ಡ್ ಸೆಟ್ಟಿಂಗ್ ಆನ್ ಇದೆಯೇ, ಕೆಳಪಟ್ಟಿಯ ಕಂಟಿನ್ಯೂ ಬಟನ್ ಆಫ್ ಆಗಿದೆಯೇ ನೋಡಿ. ಕೋಪೈಲಟ್ ಕೂಡ ಇದ್ದರೆ ಒಂದನ್ನು ಡಿಸೇಬಲ್ ಮಾಡಿ. ಇಬ್ಬರೂ ಒಂದೇ ಟ್ಯಾಬ್ ಕೀಲಿಗೆ, ಒಂದೇ ಕಂಟ್ರೋಲ್ ಐಗೆ ಜಗಳವಾಡುತ್ತಾರೆ.

ಸ್ವಲ್ಪ ಹೊತ್ತು ಬಿಟ್ಟು ಬಂದಾಗಲೆಲ್ಲ ಮೊದಲ ಸೂಚನೆ ತಡವಾದರೆ ಅದು ದೋಷವಲ್ಲ. ಕೆಲಸವಿಲ್ಲದೆ ಕೂತರೆ ಒಲ್ಲಾಮಾ ಮಾಡೆಲನ್ನು ರ್ಯಾಮ್‌ನಿಂದ ಇಳಿಸುತ್ತದೆ, ತನ್ನಷ್ಟಕ್ಕೆ 5 ನಿಮಿಷಕ್ಕೆ, ಕಂಟಿನ್ಯೂ ಮೂಲಕವಾದರೆ ಸಾಮಾನ್ಯವಾಗಿ ಅರ್ಧ ಗಂಟೆಗೆ. ಇನ್ನೂ ಹೆಚ್ಚು ಹೊತ್ತು ಕೂರಬೇಕೆಂದರೆ ಡೀಫಾಲ್ಟ್ ಕಂಪ್ಲೀಶನ್ ಆಪ್ಷನ್ಸ್‌ನಲ್ಲಿ ಕೀಪ್‌ಅಲೈವ್ ಎಂದು ಬರೆದು ಸೆಕೆಂಡ್ ಲೆಕ್ಕದಲ್ಲಿ ಹೆಚ್ಚು ಕೊಡಿ. ಆದರೆ ಚಾಟ್ ಮಾಡಿ ಟೈಪಿಂಗ್‌ಗೆ ಮರಳಿದಾಗಲೆಲ್ಲ ತಡವಾದರೆ ಕಾರಣ ಬೇರೆ: ಎರಡು ಮಾಡೆಲ್‌ಗೆ ಜಾಗ ಸಾಲದೆ ಒಂದನ್ನು ಇಳಿಸಿ ಇನ್ನೊಂದನ್ನು ಹತ್ತಿಸುತ್ತಿದೆ. ‘ಒಲ್ಲಾಮಾ ಪಿಎಸ್’ನಲ್ಲಿ ಎರಡೂ ಒಟ್ಟಿಗೆ ಕಾಣಬೇಕು. ಕಾಣದಿದ್ದರೆ ಕಾಂಟೆಕ್ಸ್ಟ್ 4096ಕ್ಕೆ ಇಳಿಸಿ, ಇಲ್ಲವೇ ಬ್ರೌಸರ್‌ನ ಟ್ಯಾಬ್ ಮುಚ್ಚಿ.

ವಿಂಡೋಸ್‌ನಲ್ಲಿ ಒಲ್ಲಾಮಾ ಹಾಕಿ, ಕೋಡನ್ನು ಡಬ್ಲ್ಯೂಎಸ್ಎಲ್ (ವಿಂಡೋಸ್‌ನಲ್ಲೇ ಲಿನಕ್ಸ್ ಓಡಿಸುವ ಸೌಲಭ್ಯ) ಒಳಗಿಟ್ಟುಕೊಂಡವರಿಗೆ ಕನೆಕ್ಷನ್ ರೆಫ್ಯೂಸ್ಡ್ ಎಂದು ಬರುವುದುಂಟು. ಎಕ್ಸ್‌ಟೆನ್ಶನ್ ಯಾವ ಕಡೆ ಓಡುತ್ತಿದೆಯೋ ಲೋಕಲ್‌ಹೋಸ್ಟ್ ಎಂದರೆ ಆ ಕಡೆಯೇ. ವಿಂಡೋಸ್ 11ರಲ್ಲಿ ಡಬ್ಲ್ಯೂಎಸ್ಎಲ್ ಕಾನ್ಫಿಗ್ ಫೈಲ್‌ನ ನೆಟ್‌ವರ್ಕಿಂಗ್ ಮೋಡ್‌ಗೆ ಮಿರರ್ಡ್ ಕೊಟ್ಟರೆ ಎರಡೂ ಕಡೆಗೆ ಲೋಕಲ್‌ಹೋಸ್ಟ್ ಒಂದೇ ಆಗುತ್ತದೆ.

ಕೆಲವರು ಇದಕ್ಕೆ ಒಲ್ಲಾಮಾ ಅಂಡರ್‌ಸ್ಕೋರ್ ಹೋಸ್ಟ್‌ಗೆ 0.0.0.0 ಕೊಟ್ಟು ಅದನ್ನು ಇಡೀ ನೆಟ್‌ವರ್ಕ್‌ಗೆ ತೆರೆಯಲು ಹೇಳುತ್ತಾರೆ. ಪಿಜಿ, ಹಾಸ್ಟೆಲ್, ಕಾಲೇಜಿನ ವೈಫೈನಲ್ಲಿ ಇದನ್ನು ಮಾಡಬಾರದು. ಒಲ್ಲಾಮಾದ ಆ ಬಾಗಿಲಿಗೆ ಪಾಸ್‌ವರ್ಡ್ ಇಲ್ಲ. ಅದೇ ನೆಟ್‌ವರ್ಕ್‌ನಲ್ಲಿರುವ ಯಾರು ಬೇಕಾದರೂ ನಿಮ್ಮ ಯಂತ್ರದಲ್ಲಿ ಮಾಡೆಲ್ ಓಡಿಸಬಹುದು, ಅಳಿಸಲೂಬಹುದು. ಮನೆಯ ಡೆಸ್ಕ್‌ಟಾಪ್‌ನ ಕಾರ್ಡನ್ನು ಲ್ಯಾಪ್‌ಟಾಪ್‌ನಿಂದ ಬಳಸಬೇಕೆಂದರೆ 11434 ಪೋರ್ಟನ್ನು ಎಸ್‌ಎಸ್‌ಎಚ್ ಟನೆಲ್‌ನಲ್ಲಿ, ಅಂದರೆ ಲಾಗಿನ್ ಬೇಕಾದ ಸುರಕ್ಷಿತ ಸಂಪರ್ಕದೊಳಗೆ ತನ್ನಿ.

‘ಎಲ್ಲವೂ ನನ್ನ ಯಂತ್ರದಲ್ಲೇ’ ಎಂದುಕೊಂಡವರು ವಿಎಸ್ ಕೋಡ್ ಸೆಟ್ಟಿಂಗ್‌ನಲ್ಲಿ ಬಳಕೆಯ ಮಾಹಿತಿಯನ್ನು ಹೊರಗೆ ಕಳಿಸುವ ಕಂಟಿನ್ಯೂವಿನ ಟೆಲಿಮೆಟ್ರಿಯನ್ನೂ ಆಫ್ ಮಾಡಿ. ಸಣ್ಣ ಮಾಡೆಲ್‌ಗಳು ಇಲ್ಲದ ಪ್ಯಾಕೇಜ್ ಹೆಸರನ್ನು ಧೈರ್ಯವಾಗಿ ಬರೆಯುತ್ತವೆ ಎಂಬುದನ್ನೂ ಮರೆಯಬೇಡಿ. ಅಂಥ ಹೆಸರಲ್ಲಿ ಯಾರಾದರೂ ದುರುದ್ದೇಶದ ಪ್ಯಾಕೇಜ್ ಇಟ್ಟಿರಬಹುದು. ಪಿಪ್, ಎನ್‌ಪಿಎಂನಿಂದ ಹಾಕುವ ಮೊದಲು ಅದರ ಪುಟ ತೆರೆದು ನೋಡಿ.

ಕನ್ನಡ ಇರುವ ಕೋಡ್

ಕನ್ನಡ ಪಠ್ಯದ ಮೇಲೆ ಕೆಲಸ ಮಾಡುವವರಿಗೆ ಇನ್ನಷ್ಟು ಗುಂಡಿಗಳಿವೆ. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್. ‘ಬೆಂಗಳೂರು’ 8 ಸಂಕೇತ, 24 ಬೈಟ್. ಪಠ್ಯವನ್ನು ಟೋಕನ್‌ಗಳಾಗಿ ಒಡೆಯುವ ಕ್ವೆನ್‌ನ ಟೋಕನೈಸರ್ ಬೈಟ್‌ಗಳ ಮೇಲೆ ಕಟ್ಟಿದ್ದು, ಇಂಗ್ಲಿಷ್ ಪದಕ್ಕೆ ಒಂದೆರಡು ಟೋಕನ್ ಸಾಕಾಗುವಲ್ಲಿ ಕನ್ನಡ ಪದಕ್ಕೆ ಹಲವು ಪಟ್ಟು ಬೇಕು. ಕನ್ನಡ ಕಾಮೆಂಟ್ ತುಂಬಿದ ಫೈಲ್ ನೋಡಲು ಚಿಕ್ಕದಿದ್ದರೂ ಕಾಂಟೆಕ್ಸ್ಟ್ ಬೇಗ ತುಂಬುವುದು ಹೀಗೆ. ಪ್ರಶ್ನೆಯನ್ನೂ ಇಂಗ್ಲಿಷ್‌ನಲ್ಲೇ ಕೇಳಿ. 7ಬಿಯ ಕನ್ನಡ ಉತ್ತರ ನಂಬುವಂತಿಲ್ಲ.

ಮಾಡೆಲ್ ಬರೆದ ಕೋಡ್‌ನಲ್ಲಿ ನಾಲ್ಕು ಕಡೆ ಕಣ್ಣಿಡಿ. ಒಂದು, ಅಕ್ಷರ ಎಣಿಕೆ: ‘ಕ್ಷ’ ನಮಗೆ ಒಂದಕ್ಷರ, ಪೈಥಾನ್‌ನ ಲೆನ್ ಅದನ್ನು 3 ಎನ್ನುತ್ತದೆ. ಶೀರ್ಷಿಕೆಯನ್ನು ಇಷ್ಟಕ್ಷರಕ್ಕೆ ಕತ್ತರಿಸು ಎಂದರೆ ಮಾಡೆಲ್ ಬರೆದುಕೊಡುವ ಸಾದಾ ಸ್ಲೈಸ್ ಒತ್ತಕ್ಷರದ ನಡುವೆಯೇ ಕತ್ತರಿ ಹಾಕುತ್ತದೆ. ಎರಡು, ಅಂಕಿ: ಪೈಥಾನ್ 3ರ ರೆಗೆಕ್ಸ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಡಿ ‘೧೨’ ಅನ್ನೂ ಹಿಡಿಯುತ್ತದೆ, ಇಂಟ್ ಅದನ್ನು 12 ಮಾಡುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಎರಡೂ ಆಗುವುದಿಲ್ಲ. ಪೈಥಾನ್‌ನಿಂದ ಜಾವಾಸ್ಕ್ರಿಪ್ಟ್‌ಗೆ ಬದಲಿಸು ಎಂದಾಗ ಮಾಡೆಲ್ ಈ ವ್ಯತ್ಯಾಸ ಗಮನಿಸುವುದಿಲ್ಲ. ಮೂರು, ಕಾಣದ ಅಕ್ಷರ: ‘ಸಾಫ್ಟ್‌ವೇರ್’ ಎಂಬಲ್ಲಿ ಟ ಮತ್ತು ವ ಕೂಡಿಕೊಳ್ಳದಂತೆ ತಡೆಯುವ ಯು+200ಸಿ ಸಂಕೇತವನ್ನು ಮಾಡೆಲ್ ಒಮ್ಮೆ ಹಾಕುತ್ತದೆ, ಒಮ್ಮೆ ಬಿಡುತ್ತದೆ, ಸ್ಟ್ರಿಂಗ್ ಹೋಲಿಕೆ ಕೈಕೊಡುತ್ತದೆ. ವಿಎಸ್ ಕೋಡ್‌ನಲ್ಲಿ ಕಾಣದ ಅಕ್ಷರಕ್ಕೆ ಪೆಟ್ಟಿಗೆ ಹಾಕಿ ತೋರಿಸುವ ಯೂನಿಕೋಡ್ ಹೈಲೈಟ್ ಸೆಟ್ಟಿಂಗನ್ನು ಕಾಟವೆಂದು ಆಫ್ ಮಾಡಿದ್ದರೆ ಆನ್ ಮಾಡಿಕೊಳ್ಳಿ. ನಾಲ್ಕು, ‘ಕೋ’ದಂಥ ದೀರ್ಘ ಸ್ವರಚಿಹ್ನೆ ಒಂದೇ ಸಂಕೇತವಾಗಿಯೂ ಬಿಡಿಬಿಡಿಯಾಗಿಯೂ ಬರಬಹುದು. ಹೋಲಿಸುವ ಮೊದಲು, ಬಿಡಿ ಸಂಕೇತಗಳನ್ನು ಕೂಡಿಸಿಡುವ ಎನ್‌ಎಫ್‌ಸಿ ರೂಪಕ್ಕೆ ತರುವ ಸಾಲನ್ನು ನೀವೇ ಕೇಳಿ ಬರೆಸಬೇಕು.

ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿರುವ ಕಡತವನ್ನು ಯೂನಿಕೋಡ್‌ಗೆ ತರುವ ಪಟ್ಟಿಯನ್ನಂತೂ ಈ ಮಾಡೆಲ್‌ಗಳಿಂದ ಬರೆಸಬೇಡಿ. ಅರ್ಧ ಸರಿ ಇರುತ್ತದೆ, ಉಳಿದರ್ಧವನ್ನು ಅಷ್ಟೇ ಆತ್ಮವಿಶ್ವಾಸದಿಂದ ಕಟ್ಟಿರುತ್ತದೆ. ಪಟ್ಟಿ ನೀವು ಕೊಡಿ, ಅದನ್ನು ಓದಿ ಬದಲಿಸುವ ಲೂಪ್ ಮಾತ್ರ ಅದು ಬರೆಯಲಿ.

ಎಡಿಟರ್‌ನಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿದಂತೆ ಕಂಡರೆ ಅದು ಮಾಡೆಲ್‌ನ ತಪ್ಪಲ್ಲ. ಎಡಿಟರ್ ಫಾಂಟ್ ಫ್ಯಾಮಿಲಿಯಲ್ಲಿ ನಿಮ್ಮ ಇಂಗ್ಲಿಷ್ ಫಾಂಟ್ ನಂತರ ಕಾಮಾ ಹಾಕಿ ನೋಟೊ ಸ್ಯಾನ್ಸ್ ಕನ್ನಡ ಸೇರಿಸಿ, ಎಡಿಟರ್ ಲೈನ್ ಹೈಟ್ ಸ್ವಲ್ಪ ಏರಿಸಿ. ಫಾಂಟ್ ಗಾತ್ರ 14 ಇದ್ದರೆ ಲೈನ್ ಹೈಟ್ 24ರಿಂದ ಶುರುಮಾಡಿ ನೋಡಬಹುದು.